ಬೇರಿಲ್ಲದ ಫಲೇನಾಪ್ಸಿಸ್ ಉಳಿಸಿಕೊಂಡಿದ್ದು: ನನ್ನ ಅನುಭವ

ಬೇರು ಪೂರ್ತಿ ಕೊಳೆತ ಫಲೇನಾಪ್ಸಿಸ್ ಅನ್ನೋ ಆರ್ಕಿಡ್ ಗಿಡ ಬದುಕಲ್ಲ, ಕಸಕ್ಕೆ ಹಾಕಿ ಅಂದವ್ರೇ ಎಲ್ರೂ. ವರ್ಷಗಟ್ಟಲೆ ಆರ್ಕಿಡ್ ಬೆಳೆಸಿರೋ ನಮ್ ಪಕ್ಕದ ಬ್ಲಾಕ್ ಅಂಕಲ್ ಅಂತೂ ನಕ್ಕೇಬಿಟ್ರು. ಎರಡು ಮಳೆಗಾಲ ಕಳೀತು, ಈ ಜನವರಿಲಿ ಅದೇ ಗಿಡದಲ್ಲಿ ಏಳೆಂಟು ಹೂವಿದೆ, ಫೋಟೋ ಮೊದ್ಲು ಹೋಗಿದ್ದೂ ಅವ್ರಿಗೇ.

ಮುಚ್ಚಿದ ಡಬ್ಬದಲ್ಲಿಟ್ಟು ಬೇರು ಬರ್ಸೋ ಈ ದಾರಿಗೆ ಬರೋ ಮುಂಚೆ ಕಳ್ಕೊಂಡಿದ್ದು ಕಮ್ಮಿ ಅಲ್ಲ. ಅಂಗಡಿಲಿ ಏಳ್ನೂರು ಎಂಟ್ನೂರು ಕೊಟ್ಟು ತಂದಿದ್ದು ನಾಲ್ಕೈದು ಗಿಡ ಹೋಯ್ತು, ಪೈನ್ ಬಾರ್ಕ್ (ಪೈನ್ ಮರದ ತೊಗಟೆ), ಬೇರು ಬರ್ಸೋ ರೂಟಿಂಗ್ ಹಾರ್ಮೋನ್, ಅದು ಇದು ಅಂತ ಇನ್ನೊಂದ್ ಎರಡು ಮೂರು ಸಾವಿರ. ನರ್ಸರಿ ಗಿಡದ ಬುಡದಲ್ಲಿ ಮಧ್ಯ ಒಂದು ಒದ್ದೆ ಮಾಸ್ (ನೀರು ಹಿಡಿದಿಡೋ ಹಾವಸೆ) ಉಂಡೆ ಇರತ್ತಲ್ಲ, ಕೊಳೆಯೋದು ಅಲ್ಲಿಂದಾನೇ, ಮೇಲೆ ತೆಂಗಿನ ಸಿಪ್ಪೆ ಒಣಗಿದೆ ಅಂತ ನೀರು ಹಾಕ್ತೀವಿ ಒಳಗೆ ಕೆಸರು. ಬೇರು ಹೋದ್ಮೇಲೆ ಎಲೆ ಬಾಡತ್ತೆ, ನೀರು ಸಾಲ್ದು ಅಂತ ಇನ್ನೂ ಹಾಕ್ತಾರೆ, ಕಥೆ ಮುಗೀತು. ಸಕ್ಕರೆ ನೀರು ಹಾಕಿ ಅಂತಾರಲ್ಲ, ಅದನ್ನ ನಂಬ್ಬೇಡಿ, ನನಗೆ ಸಿಕ್ಕಿದ್ದು ಇರುವೆ ಮತ್ತೆ ಫಂಗಸ್. ಫಂಗಸ್ ಬರ್ದಿರ್ಲಿ ಅಂತ ಹಚ್ಚೋ ಚಕ್ಕೆ ಪುಡಿ ಕತ್ತರಿಸಿದ ಗಾಯಕ್ಕೆ ಮಾತ್ರ, ಜೀವ ಇರೋ ಬೇರಿಗೆ ತಾಗಿದ್ರೆ ಅದನ್ನೂ ಒಣಗಿಸತ್ತೆ.

ಕೊನೆಗೆ ಕೆಲಸ ಮಾಡಿದ್ದು ಇಷ್ಟೇ. ಮೆತ್ತಗಾಗಿರೋ ಬೇರೆಲ್ಲಾ ತೆಗೆದು ಸಾಫ್ ಪೌಡರ್ (ಫಂಗಸ್ ಔಷಧಿ) ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ ಒಂದು ದಿನ ನೆರಳಲ್ಲಿ ಒಣಗೋಕೆ ಬಿಡೋದು. ಹೂವಿನ ಕಡ್ಡಿ ಇದ್ರೆ ಮೊದ್ಲು ಕಟ್ ಮಾಡಿ, ನಮ್ಮನೇಲಿ ಇದಕ್ಕೆ ಜಗಳಾನೇ ಆಯ್ತು, ಇರೋ ಎರಡು ಹೂವೂ ಕಿತ್ರಿ ಅಂತ, ಆದ್ರೆ ಬೇರಿಲ್ದೆ ಹೂ ಸಾಕೋಕಾಗಲ್ಲ. ಆಮೇಲೆ ಮುಚ್ಚಳ ಇರೋ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ತಳದಲ್ಲಿ ಎರಡು ಇಂಚು ಸ್ಫ್ಯಾಗ್ನಮ್ ಮಾಸ್, ಗಟ್ಟಿಯಾಗಿ ಹಿಂಡಿದ್ರೆ ಒಂದು ಹನಿ ಬರ್ಬೇಕು, ಅಷ್ಟೇ. ಗಿಡ ಮಾಸಿಗೆ ತಾಗ್ಬಾರ್ದು, ಮೇಲೆ ಜಾಲರಿ ಇಟ್ಟು ಅದರ ಮೇಲೆ ಕೂರ್ಸೋದು. ಗಿಡಕ್ಕೆ ನೀರು ಹಾಕೋ ಮಾತೇ ಇಲ್ಲ, ಎಲ್ಲಾರಿಗೂ ಅನುಮಾನ ಬಂದಿದ್ದು ಇಲ್ಲೇನೇ. ಬಿಸಿಲು ನೇರ ಬೀಳ್ದಿರೋ ಪೂರ್ವದ ಕಿಟಕಿ, ವಾರಕ್ಕೆರಡ್ಸಲ ಮುಚ್ಚಳ ತೆಗೆದು ಗಾಳಿ. ಮಾಸ್ ನೆನೆಸೋಕೆ ಮಳೆ ನೀರು ಇಲ್ಲಾ ಆರ್‌ಓ, ನಮ್ ಬೋರ್‌ವೆಲ್ ನೀರು ಹಾಕಿದ್ರೆ ಬಿಳಿ ಉಪ್ಪು ಕಟ್ಟತ್ತೆ. ಆ ನೀರಿಗೆ ಕೆಲ್ಪ್ (ಕಡಲಕಳೆ ದ್ರವ) ಒಂದೆರಡು ಹನಿ, ಜೊತೆಗೆ ಇನ್ನೊಂದು ಹಾಕ್ತೀನಿ, ಅದು ಸದ್ಯಕ್ಕೆ ನನ್ ಹತ್ರಾನೇ ಇರ್ಲಿ.

ಶುರು ಮಾಡೋದಾದ್ರೆ ಜೂನ್‌ನಲ್ಲಿ ಮಾಡಿ. ಮಾರ್ಚ್ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಡಬ್ಬದೊಳಗೆ ಗಿಡ ಬೆಂದೇ ಹೋಗತ್ತೆ. ಸುಮಾರು ಎರಡು ತಿಂಗಳು ಏನೂ ಕಾಣಲ್ಲ, ಕೆಳಗಿನ ಒಂದೆರಡು ಎಲೆ ಹಳದಿಯಾಗಿ ಉದುರತ್ತೆ, ಕೈ ಹಾಕ್ಬೇಡಿ. ಆಮೇಲೆ ಕಾಂಡದ ಪಕ್ಕದಲ್ಲಿ ಹೊಸ ಬೇರಿನ ಹಸಿರು ತುದಿ ಬರತ್ತೆ. ಎರಡು ಮೂರು ಇಂಚು ಆದ್ಮೇಲೇ ಪಾಟು, ಸಣ್ಣ ಪಾಟು, ಇದ್ದಿಲು ಮತ್ತೆ ತೊಳೆದು ತೊಳೆದು ಬಣ್ಣ ಬಿಡೋದು ನಿಲ್ಸಿದ ತೆಂಗಿನ ಸಿಪ್ಪೆ ಚಿಪ್ಸ್. 19:19:19 ಗೊಬ್ಬರ ಲೀಟರಿಗೆ ಕಾಲು ಚಮಚಕ್ಕಿಂತ ಕಮ್ಮಿ. ಹೂವಿಗೆ ಬೇರೇನೂ ಮಾಡಿಲ್ಲ, ರಾತ್ರಿ ಚಳಿಗೆ ಬಾಲ್ಕನಿಲಿ ಬಿಟ್ಟೆ, ಸ್ಪೈಕ್ (ಹೂವಿನ ಕಡ್ಡಿ) ತಾನಾಗೇ ಬಂತು.

ಇದೇ ಡಬ್ಬದಲ್ಲಿ ಇನ್ನೊಂದು ಜಾತಿ ಆರ್ಕಿಡ್, ಡೆಂಡ್ರೋಬಿಯಂ ಹಾಕಿ ನೋಡ್ದೆ, ಕೊಳೀತು. ಊರಿಂದ ಬಿದ್ದ ಕೊಂಬೆ ಸಮೇತ ತಂದ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್‌ಗೂ ಡಬ್ಬ ಆಗ್ಬರ್ಲಿಲ್ಲ, ಅದಕ್ಕೆ ಗಾಳಿ ಬೇಕು, ಮರದ ತುಂಡಿಗೆ ಕಟ್ಟಿ ನೇತಾಕಿದ್ಮೇಲೆ ಹಿಡ್ಕೊಳ್ತು.

ಖರ್ಚು ಡಬ್ಬ, ಮಾಸ್, ಜಾಲರಿ ಎಲ್ಲಾ ಸೇರಿ ಆರ್ನೂರು ದಾಟಿಲ್ಲ, ಮಾಸ್ ಇನ್ನೂ ಅರ್ಧ ಇದೆ. ಈಗ ಬಾಡಿದ ಗಿಡಾನೇ ಹುಡುಕಿ ತರ್ತೀನಿ. ಐವತ್ ರೂಪಾಯಿಗೆ ಕೊಡ್ತಿದ್ದ ನರ್ಸರಿಯವ್ನಿಗೆ ವಿಷಯ ಗೊತ್ತಾಗಿ ಈಗ ಅದಕ್ಕೂ ನೂರೈವತ್ತು ಕೇಳ್ತಿದಾನೆ.