ಬೂದಿ ಮುಚ್ಚಿದ ಕೆಂಡ, ಕಡ್ಡಿಗೆ ಚುಚ್ಚಿದ ಹಂದಿ ಮಾಂಸ

ಹಂದಿ ಮಾಂಸವನ್ನು ಕಡ್ಡಿಗೆ ಚುಚ್ಚಿ ಇದ್ದಿಲಿನ ಮೇಲೆ ಸುಡುವವರು ಮೊದಲು ಕೇಳುವುದು ಮಸಾಲೆ ಏನು ಅಂತ. ನಾನು ಮೊದಲು ಕೇಳುವುದು ಬೇರೆ ಎರಡು ಪ್ರಶ್ನೆ. ಉಪ್ಪು ಯಾವಾಗ ಹಾಕಿದಿರಿ? ಕೆಂಡ ಆಗಲು ಎಷ್ಟು ಹೊತ್ತು ಕಾದಿರಿ? ಇವೆರಡು ಸರಿಯಿದ್ದರೆ ಬರೀ ಕಾಳುಮೆಣಸು ಹಾಕಿದರೂ ರುಚಿಯಾಗಿರುತ್ತದೆ.

ಮಾಂಸ ಭುಜದ್ದು ಅಥವಾ ಕುತ್ತಿಗೆಯದ್ದು ಇರಲಿ. ಅಲ್ಲಿ ಮಾಂಸದ ನಡುನಡುವೆ ಕೊಬ್ಬಿನ ಎಳೆಗಳಿರುತ್ತವೆ. ಬಿಸಿಗೆ ಅವು ಕರಗುತ್ತಾ ತುಂಡನ್ನು ಒಳಗಿನಿಂದ ಮೆತ್ತಗೆ ಇಡುತ್ತವೆ. ಬೆನ್ನಿನ ಮಾಂಸ ನೋಡಲು ಚೆಂದ, ಆದರೆ ಕೊಬ್ಬು ಕಡಿಮೆ. ಎರಡು ನಿಮಿಷ ಜಾಸ್ತಿ ಆದರೂ ಒಣಗಿ ನಾರು ನಾರಾಗುತ್ತದೆ. ಹೊಟ್ಟೆ ಭಾಗದಲ್ಲಿ ಕೊಬ್ಬು ವಿಪರೀತ, ತೊಟ್ಟಿಕ್ಕಿ ತೊಟ್ಟಿಕ್ಕಿ ಉರಿ ಎಬ್ಬಿಸುತ್ತದೆ. ಬಿಳಿ ಪೊರೆಯಿದ್ದರೆ ಕಿತ್ತು ತೆಗೆಯಿರಿ. ತುಂಡುಗಳು ಸುಮಾರು 3 ಸೆಂಟಿಮೀಟರ್ ಇರಲಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಒಂದು ದೊಡ್ಡದು ಒಂದು ಚಿಕ್ಕದು ಆದರೆ ಒಂದು ಹಸಿ, ಇನ್ನೊಂದು ಕರಕಲು.

ಇನ್ನು ಉಪ್ಪು. ಒಂದು ಕೆಜಿ ಮಾಂಸಕ್ಕೆ ನಾನು 12 ಗ್ರಾಂ ಹಾಕುತ್ತೇನೆ. ಪುಡಿ ಉಪ್ಪಾದರೆ ಸಮಮಟ್ಟದ ಎರಡು ಟೀ ಚಮಚ. ಇದನ್ನು ಹಿಂದಿನ ರಾತ್ರಿಯೇ ಹಾಕಿ ಕೈಯಿಂದ ಚೆನ್ನಾಗಿ ಕಲಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲೇ ಕರಗಿ, ಮೆಲ್ಲಗೆ ಒಳಗೆ ಇಳಿಯುತ್ತದೆ. ಹೀಗೆ ಉಪ್ಪು ಹಿಡಿದ ಮಾಂಸ ಬೇಯುವಾಗ ರಸವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೆಳ್ಳುಳ್ಳಿ, ಮೆಣಸಿನ ಪುಡಿ ಎಷ್ಟು ಹೊತ್ತು ಇಟ್ಟರೂ ಮೇಲಿನ ಕೆಲವು ಮಿಲಿಮೀಟರ್ ದಾಟುವುದೇ ಕಷ್ಟ. ಆಳಕ್ಕೆ ಹೋಗುವುದು ಉಪ್ಪು. ಅದಕ್ಕೇ ಅದಕ್ಕೆ ರಾತ್ರಿಯಿಡೀ ಸಮಯ ಕೊಡುವುದು.

ಬೆಳಿಗ್ಗೆ ಮಸಾಲೆ. ಎರಡು ಈರುಳ್ಳಿ ತುರಿದು ಹಿಂಡಿದ ರಸ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಕಾಳುಮೆಣಸಿನ ಪುಡಿ, ಖಾರಕ್ಕೆ ತಕ್ಕಷ್ಟು ಮೆಣಸಿನ ಪುಡಿ, ಎರಡು ದೊಡ್ಡ ಚಮಚ ಎಣ್ಣೆ. ಈರುಳ್ಳಿ ತುರಿಯನ್ನೇ ಹಾಕಬೇಡಿ, ರಸ ಮಾತ್ರ. ತುರಿ ಮಾಂಸಕ್ಕೆ ಅಂಟಿಕೊಂಡು ಸೀದು ಕಹಿಯಾಗುತ್ತದೆ.

ನಿಂಬೆರಸ ಬೇಕಿದ್ದರೆ ಸುಡುವ ಒಂದು ಗಂಟೆ ಮುಂಚೆ ಹಾಕಿ. ನಾನೊಮ್ಮೆ ರಾತ್ರಿಯೇ ಹಾಕಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮಾಂಸದ ಮೇಲ್ಮೈ ಬೆಂದಂತೆ ಬೆಳ್ಳಗಾಗಿತ್ತು. ಸುಟ್ಟ ಮೇಲೆ ಬಾಯಲ್ಲಿ ಹಿಟ್ಟು ಹಿಟ್ಟು. ಹಸಿ ಪಪ್ಪಾಯಿ, ಅನಾನಸ್ ಇನ್ನೂ ಚುರುಕು. ಅವುಗಳಲ್ಲಿರುವ ಕಿಣ್ವಗಳು ಮಾಂಸದ ಪ್ರೋಟೀನನ್ನೇ ಒಡೆಯುತ್ತವೆ, ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡಿ. ಭುಜದ ಮಾಂಸಕ್ಕೆ ಅವು ಬೇಕಾಗುವುದೂ ಇಲ್ಲ. ಸಕ್ಕರೆ, ಜೇನು ಕೊನೆಗೆ ಸವರುವ ವಸ್ತು. ಮೊದಲೇ ಹಾಕಿದರೆ ಮಾಂಸ ಬೇಯುವಷ್ಟರಲ್ಲಿ ಅವು ಕಪ್ಪಾಗಿರುತ್ತವೆ.

ಬಿದಿರು ಕಡ್ಡಿಯಾದರೆ ಅರ್ಧ ಗಂಟೆ ನೀರಿನಲ್ಲಿ ನೆನೆಸಿ. ನನಗೆ ಚಪ್ಪಟೆ ಕಬ್ಬಿಣದ ಕಡ್ಡಿಯೇ ಇಷ್ಟ. ಗುಂಡು ಕಡ್ಡಿಯಲ್ಲಿ ಕಡ್ಡಿ ಮಾತ್ರ ತಿರುಗುತ್ತದೆ, ಮಾಂಸ ಇದ್ದಲ್ಲೇ ಇರುತ್ತದೆ. ತುಂಡುಗಳು ಒಂದಕ್ಕೊಂದು ತಾಗಿದರೆ ಸಾಕು, ಒತ್ತಿ ಜೋಡಿಸಬೇಡಿ. ಒತ್ತಿದ ಜಾಗ ಬೇಯುವುದಿಲ್ಲ.

ಈಗ ಬೆಂಕಿ. ಇದು ಬಯಲಲ್ಲೇ ಮಾಡುವ ಕೆಲಸ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಪ್ರಾಣ ತೆಗೆಯುತ್ತದೆ. ಮನೆಯೊಳಗೆ, ಗ್ಯಾರೇಜಿನಲ್ಲಿ, ಕಿಟಕಿ ತೆರೆದಿದ್ದರೂ ಬೇಡ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರವೂ ತರಬೇಡಿ. ಕಾಗದ, ಸಣ್ಣ ಚಕ್ಕೆಗಳಿಂದ ಹೊತ್ತಿಸಿ ಗಾಳಿ ಹಾಕಿದರೆ ಸಾಕು.

ಆಮೇಲೆ ಕಾಯಿರಿ. ಬೂದಿ ಮುಚ್ಚಿದ ಕೆಂಡ ಅಂತ ಮಾತಿಗೆ ಹೇಳುತ್ತೇವಲ್ಲ, ನಮಗೆ ಬೇಕಾದ್ದು ನಿಜವಾಗಿ ಅದೇ. ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ. ಜ್ವಾಲೆ ಇಳಿದಿರಬೇಕು, ಮೇಲೆ ತೆಳ್ಳಗೆ ಬೂದಿ ಬಣ್ಣ, ಒಳಗೆ ಕೆಂಪು. ಹಸಿದವರು ಸುತ್ತ ನಿಂತು ಅವಸರ ಮಾಡುತ್ತಾರೆ, ಒಪ್ಪಬೇಡಿ. ಜ್ವಾಲೆ ಇರುವಾಗ ಇಟ್ಟರೆ ಹೊರಗೆ ಮಸಿ, ಒಳಗೆ ಹಸಿ. ಅಂಗೈಯನ್ನು ಜಾಲರಿಯಿಂದ ಗೇಣಿಗಿಂತ ತುಸು ಕಡಿಮೆ ಎತ್ತರದಲ್ಲಿ ಹಿಡಿಯಿರಿ. ಮೂರು ನಾಲ್ಕು ಸೆಕೆಂಡಿಗೆ ಕೈ ಹಿಂದೆಗೆಯಬೇಕು ಅನ್ನಿಸಿದರೆ ಹದ ಸರಿ. ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿ, ಇನ್ನೊಂದು ಬದಿ ಖಾಲಿ ಬಿಡಿ. ಆ ಖಾಲಿ ಜಾಗ ಬಹಳ ಕೆಲಸಕ್ಕೆ ಬರುತ್ತದೆ.

ಕಡ್ಡಿ ಇಡುವ ಮುಂಚೆ ಅಂಟಿರುವ ಹೆಚ್ಚಿನ ಮಸಾಲೆ ಜಾಡಿಸಿ. ಪ್ರತಿ ಒಂದೆರಡು ನಿಮಿಷಕ್ಕೆ ತಿರುಗಿಸುತ್ತಿರಿ. ಕೊಬ್ಬು ಬಿದ್ದು ಉರಿ ಎದ್ದರೆ ನೀರು ಚಿಮುಕಿಸಬೇಡಿ, ಬೂದಿ ಹಾರಿ ಮಾಂಸಕ್ಕೇ ಹತ್ತುತ್ತದೆ. ಕಡ್ಡಿಯನ್ನು ಖಾಲಿ ಬದಿಗೆ ಸರಿಸಿ, ಉರಿ ತಣಿದ ಮೇಲೆ ವಾಪಸ್ ತನ್ನಿ. ಈ ಅಳತೆಯ ತುಂಡಿಗೆ ಒಟ್ಟು 10ರಿಂದ 15 ನಿಮಿಷ ಬೇಕು. ಜೇನು ಸವರುವುದಿದ್ದರೆ ಕೊನೆಯ ಎರಡು ನಿಮಿಷದಲ್ಲಿ. ಹಸಿ ಮಾಂಸ ನೆನೆದ ಮಸಾಲೆಯನ್ನೇ ಸವರಬೇಡಿ. ಸವರಲೇಬೇಕೆಂದರೆ ಚೆನ್ನಾಗಿ ಕುದಿಸಿ. ಹಸಿ ಮಾಂಸ ಇಟ್ಟಿದ್ದ ತಟ್ಟೆಗೆ ಬೆಂದದ್ದನ್ನು ಹಾಕುವುದೂ ಬೇಡ.

ಬೆಂದಿತೋ ಇಲ್ಲವೋ ಅಂತ ಬಣ್ಣ ನೋಡಿ ಹೇಳುವುದು ಕಷ್ಟ. ಚುಚ್ಚುವ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಅತಿ ದಪ್ಪ ತುಂಡಿನ ನಡುವೆ, ಕಡ್ಡಿಗೆ ತಾಗದಂತೆ ಚುಚ್ಚಿ. 63 ಡಿಗ್ರಿ ಸೆಲ್ಸಿಯಸ್ ಆದರೆ ತೆಗೆದು ಕನಿಷ್ಠ ಮೂರು ನಿಮಿಷ ಸುಮ್ನೆ ಬಿಡಿ. ಮೊದಲು 71 ಡಿಗ್ರಿ ಎನ್ನುತ್ತಿದ್ದ ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡಿನ ಹಂದಿ ಮಾಂಸಕ್ಕೆ ಈ ಮಿತಿ ತಂದಿತು. ನಡುವೆ ಸ್ವಲ್ಪ ಗುಲಾಬಿ ಕಂಡರೆ ಹೆದರಬೇಡಿ. ಕೊಚ್ಚಿದ ಮಾಂಸಕ್ಕೆ ಮಾತ್ರ ಈಗಲೂ 71 ಆಗಲೇಬೇಕು. ಭುಜದ ಮಾಂಸವನ್ನು ನಾನು 68-70ರವರೆಗೆ ಬಿಡುತ್ತೇನೆ. ಕೊಬ್ಬು ಇನ್ನಷ್ಟು ಕರಗುತ್ತದೆ, ಅಗಿಯಲು ಹಿತ.

ತಿನ್ನುವ ಗಡಿಬಿಡಿಯಲ್ಲಿ ಕೆಂಡ ಮರೆಯಬೇಡಿ. ಮುಚ್ಚಳ, ಗಾಳಿಕಿಂಡಿ ಎಲ್ಲ ಮುಚ್ಚಿ ಆರಲು ಬಿಡಿ. ಬೂದಿಯನ್ನು ಮರುದಿನ, ಪೂರ್ತಿ ತಣ್ಣಗಾದ ಮೇಲೆ, ಲೋಹದ ಡಬ್ಬಕ್ಕೆ ತುಂಬಿ. ಅರ್ಧ ಉರಿದ ಇದ್ದಿಲು ಉಳಿದಿದ್ದರೆ ಎತ್ತಿಡಿ, ಮುಂದಿನ ಸಲ ಬೇಗ ಹೊತ್ತಿಕೊಳ್ಳುತ್ತದೆ.