ಮುಳುಗಡೆಯಾದ ಊರಿನ ದುಃಖದೊಂದಿಗೆ ಬದುಕುವ ಬಗೆ

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಬಾಗಲಕೋಟೆಯ ನವನಗರದಲ್ಲೋ ಪುನರ್ವಸತಿ ಕೇಂದ್ರಗಳಲ್ಲೋ ನೆಲೆಸಿರುವ ಅನೇಕ ಹಿರಿಯರಿಗೆ, ಹೊಸ ಮನೆಯೂ ಹಳೆಯದಾದ ಮೇಲೂ ಎದೆಯ ಭಾರ ಇಳಿದಿಲ್ಲ. ‘ಇಷ್ಟು ವರ್ಷವಾದರೂ ಅದೇ ಚಿಂತೆಯೇ’ ಎಂದು ಮನೆಯವರು ಕೇಳಿದಾಗ ಸುಮ್ಮನಾಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಕಳೆದುಕೊಂಡದ್ದು ಏನೆಂದು ಬಿಡಿಬಿಡಿಯಾಗಿ ಹೇಳಿಕೊಳ್ಳಬೇಕು. ‘ಊರು ಹೋಯಿತು’ ಎಂಬ ಮಾತಿನೊಳಗೆ ಹೊಲದ ಬದುವಿನ ಬೇವಿನಮರ, ಅಗಸಿಯ (ಊರಬಾಗಿಲ) ಕಟ್ಟೆ, ಹಿರಿಯರನ್ನು ಮಣ್ಣುಮಾಡಿದ ಜಾಗ, ಪಕ್ಕದ ಮನೆಯವರ ಒಡನಾಟ ಎಲ್ಲವೂ ಸೇರಿಕೊಂಡಿವೆ. ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬರೆಯಲು ಬಾರದವರಾದರೆ ಮೊಮ್ಮಕ್ಕಳು ಕೇಳಿ ಬರೆಯಲಿ. ಮರ ಮರಳಿ ಬಾರದು, ಆದರೆ ಬೇರೆ ಕೇಂದ್ರಕ್ಕೆ ಹೋದ ನೆರೆಯವರನ್ನು ಬಸ್ಸು ಹತ್ತಿ ಹೋಗಿ ಕಾಣಬಹುದು.

ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು, ದುಃಖ ಉಕ್ಕುವ ದಿನಗಳನ್ನು ಮೊದಲೇ ಗುರುತಿಸಿಕೊಳ್ಳುವುದನ್ನು. ಮಳೆಗಾಲದಲ್ಲಿ ಜಲಾಶಯ ತುಂಬುವ ಹೊತ್ತಿಗೇ ಶ್ರಾವಣದ ನಾಗರ ಪಂಚಮಿ ಬರುತ್ತದೆ. ಅಣ್ಣ ಕರೆಯಲು ಬರುವ ಆ ಹಬ್ಬದಲ್ಲಿ, ತವರಿನ ಹೊಸ್ತಿಲೇ ನೀರಿನಡಿ ಇರುವ ಹೆಣ್ಣುಮಗಳಿಗೆ ಆಗುವ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಯಾರೊಂದಿಗೆ ಕುಳಿತು ಉಂಡಿ ಕಟ್ಟುವುದು, ಹಿನ್ನೀರಿನ ದಡಕ್ಕೆ ಹೋಗುವುದೋ ಬೇಡವೋ, ಹೋದರೆ ಜೊತೆಗೆ ಯಾರಿರಬೇಕು ಎಂಬುದನ್ನು ಆಷಾಢದಲ್ಲಿಯೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಅಳು ಬಂದರೆ ತಡೆಯಬೇಡಿ.

ಉಳಿದ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಏಳುವುದು, ಸ್ವಲ್ಪ ನಡೆಯುವುದು, ಮನಸ್ಸಿಲ್ಲದಿದ್ದರೂ ರೊಟ್ಟಿ ಉಣ್ಣುವುದು ಸಾಕು. ಬೇಸರ ಕಳೆದ ಮೇಲೆ ಕೆಲಸ ಮಾಡುವೆನೆಂದು ಕಾಯಬಾರದು. ಕೈ ಕೆಲಸಕ್ಕೆ ಹತ್ತಿದ ಮೇಲೆಯೇ ಅದು ಅಷ್ಟಿಷ್ಟು ಸಡಿಲವಾಗುತ್ತದೆ. ಮದ್ಯ ಮಾತ್ರ ಬೇಡ, ಅದು ನಿದ್ದೆಯನ್ನೂ ಮನಸ್ಸನ್ನೂ ಇನ್ನಷ್ಟು ಕೆಡಿಸುತ್ತದೆ.

ಎರಡು ವಾರಕ್ಕೂ ಮಿಕ್ಕಿ ದಿನದ ಬಹುಪಾಲು ಮನಸ್ಸು ಕುಗ್ಗಿ, ನಿದ್ದೆ, ಹಸಿವು ಕೆಟ್ಟು, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಅದು ಖಿನ್ನತೆಯ ಕಾಯಿಲೆ ಇರಬಹುದೆಂದು ತಿಳಿದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಥೈರಾಯ್ಡ್ ಕೊರತೆ, ರಕ್ತಹೀನತೆಗಳಿಂದಲೂ ಇಂಥ ಲಕ್ಷಣಗಳು ಕಾಣಬಹುದಾದ್ದರಿಂದ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಔಷಧಿ ಗುಣ ತೋರಲು ಕೆಲವು ವಾರಗಳೇ ಹಿಡಿಯುವುದರಿಂದ ನಡುವೆ ನೀವಾಗಿಯೇ ನಿಲ್ಲಿಸಬೇಡಿ. ಸಾಯುವ ಯೋಚನೆ ಬಂದರೆ ಆ ಗಳಿಗೆಯಲ್ಲಿಯೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲಿ ಮಾತನಾಡಬಹುದು. ಅಂಥ ಹೊತ್ತಿನಲ್ಲಿ ಮನೆಯವರು ಅವರನ್ನು ಒಬ್ಬರನ್ನೇ ಬಿಡಬಾರದು.

ಮನೆಯವರಿಗೆ ಇನ್ನೊಂದು ಮಾತು: ‘ಮರೆತುಬಿಡಿ’ ಎನ್ನಬೇಡಿ. ಸಂಜೆ ಪಕ್ಕದಲ್ಲಿ ಕುಳಿತು, ಅಗಸಿಯಿಂದ ನಿಮ್ಮ ಮನೆಗೆ ಯಾವ ಓಣಿಯಲ್ಲಿ ಹೋಗಬೇಕಿತ್ತು ಎಂದು ಕೇಳಿ.