ಒಲಿಂಪಿಯಾದ ಕುದುರೆಯನ್ನು ನನ್ನ ಕುಲುಮೆಯಲ್ಲಿ ಎರಕ ಹೊಯ್ದ ಬಗೆ

ಹದಿನೆಂಟು ವರ್ಷಗಳಿಂದ ಗಂಟೆ, ದೀಪ, ಬಸವನ ಮೂರ್ತಿಗಳನ್ನು ಎರಕ ಹೊಯ್ಯುತ್ತ ಬಂದಿರುವ ನಾನು ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಪೂ. 8ನೆಯ ಶತಮಾನದ ಗ್ರೀಕ್ ಕಂಚಿನ ಕುದುರೆಯೊಂದನ್ನು ಕಂಡೆ. ಅದರ ಎತ್ತರ 17.6 ಸೆಂಟಿಮೀಟರ್ ಮಾತ್ರ. ಮೂತಿ ಕೊಳವೆಯಂತಿತ್ತು, ಕತ್ತು ದಪ್ಪವಿಲ್ಲದೆ ತಟ್ಟೆಯಂತೆ ಚಪ್ಪಟೆಯಾಗಿ ಬಿಲ್ಲಿನ ಹಾಗೆ ಬಾಗಿತ್ತು, ತೊಡೆ ಮತ್ತು ಭುಜ ಅಗಲವಾಗಿದ್ದರೂ ಅವುಗಳ ನಡುವಿನ ಹೊಟ್ಟೆ ತೆಳುವಾದ ಕಡ್ಡಿಯಷ್ಟೇ ಇತ್ತು. ಬದುಕಿರುವ ಯಾವ ಕುದುರೆಗೂ ಅಂಥ ಹೊಟ್ಟೆ ಇರಲಾರದು. ಆದರೂ ಅದು ಕುದುರೆಯೇ ಎಂಬುದರಲ್ಲಿ ಎಳ್ಳಷ್ಟೂ ಅನುಮಾನ ಹುಟ್ಟಲಿಲ್ಲ. ಆ ಕಾಲದ ಶಿಲ್ಪಿ ಹೀಗೇಕೆ ಮಾಡಿದ ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ನಾನೇ ಒಂದನ್ನು ಮಾಡಿ ನೋಡಬೇಕು ಎಂದು ಅಲ್ಲಿಯೇ ನಿಶ್ಚಯಿಸಿದೆ.

ಇಂಥ ಸಣ್ಣ ಪ್ರಾಣಿಗಳು ಗ್ರೀಸಿನ ಒಲಿಂಪಿಯಾದಲ್ಲಿ ಸಾವಿರಗಟ್ಟಲೆ ಸಿಕ್ಕಿವೆ. 1875ರಲ್ಲಿ ಜರ್ಮನ್ನರು ಅಲ್ಲಿ ಉತ್ಖನನ ಆರಂಭಿಸಿದ ಮೇಲೆ, ಬಲಿಪೀಠದ ಬೂದಿ ಬೆರೆತ ಕಪ್ಪು ಮಣ್ಣಿನ ಪದರದಿಂದ ಕಂಚಿನ ಮತ್ತು ಸುಟ್ಟ ಮಣ್ಣಿನ ದನಗಳೂ ಕುದುರೆಗಳೂ ಹೊರಬಂದವು. ಅವು ಜ್ಯೂಸ್ ದೇವರಿಗೆ ಭಕ್ತರು ಒಪ್ಪಿಸಿದ ಹರಕೆಗಳು. ದನ ಏಕೆಂಬುದು ನಮಗೆ ಸುಲಭವಾಗಿ ತಿಳಿಯುತ್ತದೆ, ಏಕೆಂದರೆ ಅಲ್ಲಿಯೂ ಉಳುಮೆ ಎತ್ತಿನದೇ. ಕುದುರೆಯ ಮಾತು ಬೇರೆ. ಬೆಟ್ಟಗುಡ್ಡಗಳ, ಹುಲ್ಲುಗಾವಲು ಕಡಿಮೆಯಿರುವ ಆ ನಾಡಿನಲ್ಲಿ ಕುದುರೆ ಸಾಕುವುದು ಸಿರಿವಂತರಿಂದ ಮಾತ್ರ ಸಾಧ್ಯವಿತ್ತು. ಕ್ರಿ.ಪೂ. 6ನೆಯ ಶತಮಾನದ ಆರಂಭದಲ್ಲಿ ಅಥೆನ್ಸಿನ ಸೊಲೋನನು ಆಸ್ತಿಯ ಲೆಕ್ಕದಲ್ಲಿ ಜನರನ್ನು ವಿಂಗಡಿಸಿದಾಗ ಎರಡನೆಯ ವರ್ಗಕ್ಕೆ ‘ಹಿಪ್ಪೆಯಿಸ್’, ಅಂದರೆ ಕುದುರೆಯವರು ಎಂಬ ಹೆಸರೇ ಇತ್ತು. ಹಾಗಾಗಿ ಕಂಚಿನ ಕುದುರೆಯನ್ನು ದೇವರ ಮುಂದಿಡುವುದೆಂದರೆ ತಾನು ಅತಿ ಹೆಚ್ಚು ಬೆಲೆಕೊಡುವ ವಸ್ತುವಿನ ಹೆಸರಿನಲ್ಲಿ ಬೇಡಿಕೊಳ್ಳುವುದು ಎಂದು ನಾನು ಭಾವಿಸುತ್ತೇನೆ.

ಊರಿಗೆ ಮರಳಿದ ಮೇಲೆ ಒಂಬತ್ತು ಸೆಂಟಿಮೀಟರ್ ಎತ್ತರದ ಕುದುರೆಯೊಂದನ್ನು ಮಾಡಲು ಕುಳಿತೆ. ಜೇನುಮೇಣಕ್ಕೆ ಸ್ವಲ್ಪ ರಾಳ ಬೆರೆಸಿ, ಬಿಸಿನೀರಿನಲ್ಲಿ ಮೆದುಗೊಳಿಸಿ, ಮರದ ಹಲಗೆಯ ಮೇಲೆ ಬತ್ತಿಯಂತೆ ಹೊಸೆದೆ. ಬಸವನನ್ನು ಮಾಡುವಾಗ ನಾನು ಮೇಣದ ಮುದ್ದೆಯಿಂದ ಆರಂಭಿಸಿ ಹೆರೆಯುತ್ತ ಹೋಗುತ್ತೇನೆ. ಇಲ್ಲಿ ಬತ್ತಿಯನ್ನೇ ಹಿಡಿದು ಎರಡೂ ತುದಿಗಳನ್ನು ಸೀಳಿ, ಸೀಳುಗಳನ್ನು ಕೆಳಕ್ಕೆ ಬಾಗಿಸಿದಾಗ ನಾಲ್ಕು ಕಾಲುಗಳು ಬಂದವು. ನಡುವೆ ಉಳಿದ ಬತ್ತಿಯೇ ಹೊಟ್ಟೆಯಾಯಿತು. ಕತ್ತಿಗೆಂದು ಅಂಟಿಸಿದ ತುಂಡನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದೆ. ಅದು ಚಪ್ಪಟೆಯಾಗಿ, ಅದರ ಮೇಲಂಚು ತಾನಾಗಿಯೇ ಕೇಸರವಾಗಿ ಎದ್ದು ನಿಂತಿತು. ಗಾಜಿನ ಪೆಟ್ಟಿಗೆಯಲ್ಲಿ ಕಂಡ ಕತ್ತು ನನ್ನ ಬೆರಳುಗಳ ನಡುವೆ ಬಂದಿತ್ತು. ಆ ಸಣ್ಣ ಹೊಟ್ಟೆ, ಆ ತಟ್ಟೆಯಂಥ ಕತ್ತು ಮೇಣವನ್ನು ಹೊಸೆಯುವ, ಒತ್ತುವ ಕೈಯಿಂದಲೇ ಹುಟ್ಟಿದವು ಎಂದು ನನಗೆ ಆಗ ಖಚಿತವಾಯಿತು. ಹಾಗೆಂದು ಅದು ಕೈಯ ಅಭ್ಯಾಸ ಮಾತ್ರವಲ್ಲ. ಬಂದ ರೂಪದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ಬಲ್ಲ ಕಣ್ಣೂ ಅದರ ಹಿಂದಿತ್ತು.

ಮುಂದಿನ ಕೆಲಸ ನನಗೆ ಪರಿಚಿತವಾದದ್ದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ಮೂರ್ತಿಗೆ ಹಲವು ಬಾರಿ ಮಣ್ಣು ಬಳಿದು ನೆರಳಿನಲ್ಲಿ ಒಣಗಿಸುವ, ಮೇಣವನ್ನು ಮೊದಲೇ ತೂಗಿ ಅದರ ಲೆಕ್ಕದಲ್ಲಿ ಲೋಹವನ್ನು ತೆಗೆದುಕೊಳ್ಳುವ ಕ್ರಮವಿದೆ, ನಾನು ಇಂದಿಗೂ ಮಾಡುವುದು ಅದನ್ನೇ. ಹುತ್ತದ ಮಣ್ಣನ್ನು ಸೋಸಿ, ಸಗಣಿಯ ರಸ ಬೆರೆಸಿ, ಮೊದಲ ಲೇಪವನ್ನು ಕುಂಚದಿಂದ ಹಚ್ಚಿದೆ. ಹೊರಗಿನ ಲೇಪಗಳಿಗೆ ಭತ್ತದ ಹೊಟ್ಟು ಸೇರಿಸಿದೆ. ಲೋಹ ಹೊಯ್ಯುವ ದಾರಿಯೂ ಸೇರಿ ಮೇಣ 41 ಗ್ರಾಂ ತೂಗಿತ್ತು. ಕಂಚು ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರವಾದ್ದರಿಂದ, ತುಸು ಹೆಚ್ಚೇ ಇರಲೆಂದು 380 ಗ್ರಾಂ ತಾಮ್ರ ಮತ್ತು 40 ಗ್ರಾಂ ತವರ ತೆಗೆದುಕೊಂಡೆ. ಮೂಸೆಯಲ್ಲಿ ಮೊದಲು ತಾಮ್ರ ಕರಗಬೇಕು. ತವರವನ್ನು ಕೊನೆಯಲ್ಲಿ ಹಾಕದಿದ್ದರೆ ಅದರಲ್ಲೊಂದು ಪಾಲು ಸುಟ್ಟು ಹೋಗುತ್ತದೆ.

ಮೊದಲ ಎರಕ ಕೆಟ್ಟಿತು. ಬಸವನಿಗೆ ಮಾಡುವ ಹಾಗೆ ಲೋಹದ ದಾರಿಯನ್ನು ಬೆನ್ನಿಗೆ ಇಟ್ಟಿದ್ದೆ. ಸಾಲದ್ದಕ್ಕೆ, ಮಣ್ಣಿನ ಅಚ್ಚನ್ನು ಕಾಯಿಸಿ ಒಳಗಿನ ಮೇಣ ಕರಗಿ ಇಳಿದ ಮೇಲೆ, ಲೋಹ ಹೊಯ್ಯುವ ಮೊದಲು ಅದನ್ನು ಆರಲು ಬಿಟ್ಟಿದ್ದೆ. ಬಸವನ ದಪ್ಪ ಮೈ ಇದನ್ನು ಸಹಿಸುತ್ತದೆ, ಕುದುರೆಯ ಕಡ್ಡಿಗಾಲು ಸಹಿಸುವುದಿಲ್ಲ. ಅಚ್ಚು ಒಡೆದಾಗ ಒಂದು ಹಿಂಗಾಲು ಮೊಣಕಾಲಿನಿಂದ ಕೆಳಗೆ ಇರಲೇ ಇಲ್ಲ. ಲೋಹ ಅಲ್ಲಿಗೆ ತಲುಪುವ ಮೊದಲೇ ಗಟ್ಟಿಯಾಗಿ, ದುಂಡಗಿನ ಮೊಂಡು ತುದಿಯಾಗಿ ನಿಂತಿತ್ತು. ಮೇಣವೂ ಹೋಗಿತ್ತು, ಅಚ್ಚೂ ಒಡೆದಿತ್ತು. ಒಲಿಂಪಿಯಾದಲ್ಲಿಯೂ ಕೆಟ್ಟ ಎರಕದ ತುಂಡುಗಳು ಸಿಕ್ಕಿವೆ ಎಂಬುದನ್ನು ನಾನು ಓದಿದ್ದೆ. ಕಂಚುಗಾರರು ಅಲ್ಲಿಯೇ ಕುಲುಮೆ ಹೂಡುತ್ತಿದ್ದರೆಂದು ವಿದ್ವಾಂಸರು ಹೇಳುವುದಕ್ಕೆ ಅವೂ ಒಂದು ಆಧಾರ. ಆ ಮೊಂಡು ಕಾಲನ್ನು ಕೈಯಲ್ಲಿ ಹಿಡಿದಾಗ ಅವರಲ್ಲಿ ಒಬ್ಬನ ಪಕ್ಕದಲ್ಲಿ ಕುಳಿತಿದ್ದೇನೆ ಎನ್ನಿಸಿತು.

ಎರಡನೆಯ ಬಾರಿ ಕುದುರೆಯ ಪಾದಗಳಿಗೆ ತೆಳುವಾದ ಮೇಣದ ಪೀಠವನ್ನು ಕೂಡಿಸಿದೆ. ಅಂಥ ಪೀಠ ಅನೇಕ ಮೂಲ ಕುದುರೆಗಳಿಗೂ ಇದೆ, ಅದು ನಿಲ್ಲುವುದಕ್ಕಷ್ಟೇ ಎಂದು ನಾನು ಅಲ್ಲಿಯವರೆಗೆ ಎಣಿಸಿದ್ದೆ. ಅಚ್ಚನ್ನು ತಲೆಕೆಳಗು ಮಾಡಿ ಪೀಠದ ಕಡೆಯಿಂದ ಹೊಯ್ದರೆ ಲೋಹ ನಾಲ್ಕೂ ಕಾಲುಗಳಲ್ಲಿ ಒಟ್ಟಿಗೆ ಇಳಿಯುತ್ತದೆ. ಮೂತಿಯಿಂದಲೂ ಬಾಲದಿಂದಲೂ ಗಾಳಿ ಹೊರಹೋಗಲು ದಾರಿ ಬಿಟ್ಟೆ. ಅಚ್ಚು ಇನ್ನೂ ಕೆಂಪಗಿರುವಾಗಲೇ ಬಿಸಿ ಮರಳಿನಲ್ಲಿ ಹೂತು ಹೊಯ್ದೆ. ಈ ಸಲ ಗೊರಸಿನಿಂದ ಕಿವಿಯವರೆಗೆ ಎಲ್ಲವೂ ತುಂಬಿ ಬಂದಿತು.

ಅರದಿಂದ ಉಜ್ಜಿ, ನುಣುಪು ಮರಳಿನಿಂದ ತಿಕ್ಕಿದಾಗ ಹೊರಬಂದ ಬಣ್ಣ ಸಂಗ್ರಹಾಲಯದ ಹಸಿರುಗಪ್ಪಲ್ಲ, ತಿಳಿಯಾದ ಹೊಂಬಣ್ಣ. ಹರಕೆ ಹೊತ್ತು ಬಂದವನ ಅಂಗೈಯಲ್ಲಿ ಆ ಕುದುರೆ ಇದ್ದದ್ದು ಈ ಬಣ್ಣದಲ್ಲಿಯೇ. ಹಳೆಯದಾಗಿ ಕಾಣುವಂತೆ ಅದಕ್ಕೆ ಕಿಲುಬು ಹಿಡಿಸಿಕೊಡಿ ಎಂದು ಕೇಳಿದವರಿದ್ದಾರೆ, ನಾನು ಒಪ್ಪಲಿಲ್ಲ. ಮೂರು ಕಾಲಿನ ಮೊದಲ ಕುದುರೆಯನ್ನೂ ಮತ್ತೆ ಮೂಸೆಗೆ ಹಾಕದೆ ಅದರ ಪಕ್ಕದಲ್ಲಿಯೇ ಇಟ್ಟಿದ್ದೇನೆ.